ಮಾಫಿ ಸಾಕ್ಷಿಯ ಮಾತಿಗೆ ಎಷ್ಟು ತೂಕ?

(ಕಮಲಾಪುರದಲ್ಲಿ ಯುವ ಓದುಗರ ಮುಂದೆ ಆಡಿದ ಮಾತುಗಳ ಬರಹ ರೂಪ)



ಕಲಬುರಗಿಯ ನ್ಯಾಯಾಲಯದಲ್ಲಿ ಕೊಲೆ ಮೊಕದ್ದಮೆಯೊಂದು ನಡೆಯುತ್ತಿದ್ದರೆ, ಅದರ ತೀರ್ಪು ಕಮಲಾಪುರದ ಚಹಾದಂಗಡಿಯಲ್ಲಿ ಮೊದಲೇ ಹೊರಬಿದ್ದಿರುತ್ತದೆ. 'ಸಾಕ್ಷಿಗೆ ಹಳೆಯ ಹಗೆ ಇತ್ತು' ಎಂದರೆ ಅವನು ಹೇಳಿದ್ದೆಲ್ಲ ಸುಳ್ಳು. 'ಅವನಿಗೇನು ಲಾಭ?' ಎಂದರೆ ಹೇಳಿದ್ದೆಲ್ಲ ನಿಜ. ಉದ್ದೇಶ ಒಂದರಿಂದಲೇ ಸತ್ಯವನ್ನು ಅಳೆಯಬಹುದೇ? ನಮ್ಮ ಸೀಮೆಗೆ ನಂಟಿರುವ ಒಂದು ಹಳೆಯ ಕಥೆ ಬೇರೆಯೇ ಪಾಠ ಹೇಳುತ್ತದೆ.

ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಸುರಪುರದ 'ಟೇಲರ್ ಮಂಜಿಲ್' ನಿಮಗೆ ಗೊತ್ತು. 1841ರಿಂದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸುರಪುರದ ಆಡಳಿತ ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರ್, ನಿಜಾಮರ ಸೈನ್ಯದ ಅಧಿಕಾರಿ. ಥಗ್ಗರ ತಪ್ಪೊಪ್ಪಿಗೆಗಳನ್ನು ಕೇಳಿದ ಅನುಭವದಿಂದ ಅವನು ಬರೆದ ಕಾದಂಬರಿ 'ಕನ್ಫೆಷನ್ಸ್ ಆಫ್ ಎ ಥಗ್', 1839ರಲ್ಲಿ ಪ್ರಕಟವಾಯಿತು. ಅದರ ನಾಯಕ ಅಮೀರ್ ಅಲಿ ಕಲ್ಪಿತ ವ್ಯಕ್ತಿ. ಆದರೆ ಅವನ ಹಿಂದೆ ನಿಜವಾದ ಮಾಫಿ ಸಾಕ್ಷಿಗಳಿದ್ದರು.

ಅವರಲ್ಲಿ ಹೆಸರಾದವನು ಫಿರಂಗಿಯಾ. 1830ರಲ್ಲಿ ಮಧ್ಯ ಭಾರತದಲ್ಲಿ ಸೆರೆಸಿಕ್ಕ ಅವನು, ಜೀವ ಉಳಿಸಿಕೊಳ್ಳಲು ಸಂಗಡಿಗರ ವಿರುದ್ಧ ಸಾಕ್ಷಿಯಾದ. ಅಧಿಕಾರಿ ವಿಲಿಯಂ ಸ್ಲೀಮನ್‌ಗೆ ಒಂದು ಮಾವಿನ ತೋಪಿನಲ್ಲಿ ಹೂತ ಜಾಗ ತೋರಿಸಿದ. ಅಗೆದಾಗ ಹೆಣಗಳು ಸಿಕ್ಕವು. ಉದ್ದೇಶ ಶುದ್ಧ ಸ್ವಾರ್ಥ. ಮಾತು ಮಾತ್ರ ನಿಜ. ಕಳ್ಳನ ಹೆಜ್ಜೆ ಕಳ್ಳನೇ ಬಲ್ಲ ಎನ್ನುವುದು ಇದಕ್ಕೇ.

ಆದರೆ ಮುಂದೆ ನೋಡಿ. 1836ರ 30ನೇ ಕಾಯ್ದೆಯ ಪ್ರಕಾರ, ಇಂಥ ಕೊಲೆ ಮಾಡಿದ ಎಂದು ರುಜುವಾತು ಮಾಡಬೇಕಿರಲಿಲ್ಲ; ಥಗ್ಗರ ಗುಂಪಿಗೆ ಸೇರಿದವನೆಂದು ಸಾಬೀತಾದರೆ ಜೀವಾವಧಿ ಶಿಕ್ಷೆ. ಸೇರಿದವನೆಂದು ಹೇಳುವವರು ಯಾರು? ಬಹುಮಟ್ಟಿಗೆ ಮಾಫಿ ಸಾಕ್ಷಿಗಳೇ. ಹೇಳಿಕೆಗಳನ್ನು ಬೇರೆ ಬೇರೆಯಾಗಿ ಪಡೆದು ತಾಳೆ ನೋಡುತ್ತಿದ್ದರು, ನಿಜ. ಆದರೂ ಸರ್ಕಾರಕ್ಕೆ ಉಪಯೋಗ ಬೀಳುವಷ್ಟು ದಿನ ಅವರಿಗೆ ಜೀವದ ಭರವಸೆ. ನೆಲದೊಳಗಿನ ಎಲುಬು ಕೊಲೆ ನಡೆದದ್ದನ್ನು ಹೇಳೀತು, ಕೊಂದವರ ಹೆಸರನ್ನು ಹೇಳದು. ಆ ಹೆಸರಿಗೆ ಮಾಫಿ ಸಾಕ್ಷಿಯ ನಾಲಿಗೆಯೇ ಆಧಾರ. ಇತಿಹಾಸಕಾರರು ಇಂದಿಗೂ ಥಗ್ಗರ ದಾಖಲೆಗಳನ್ನು ಅನುಮಾನದಿಂದ ಓದುವುದು ಈ ಕಾರಣಕ್ಕೆ.

ಸ್ವತಂತ್ರ ಭಾರತದ ಕಾನೂನು ಈ ಅಪಾಯವನ್ನು ಅರಿತಿದೆ. 1957ರಲ್ಲಿ ಸರ್ವಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಎರಡು ಪರೀಕ್ಷೆ ಹೇಳಿತು: ಮಾಫಿ ಸಾಕ್ಷಿ ನಂಬಲು ಅರ್ಹನಿರಬೇಕು, ಅವನ ಮಾತಿಗೆ ಸಾಕಷ್ಟು ಬೇರೆ ಪುಷ್ಟಿಯೂ ಇರಬೇಕು. ಆ ಪುಷ್ಟಿ ಅಪರಾಧ ನಡೆಯಿತು ಎಂದಷ್ಟೇ ತೋರಿಸಿದರೆ ಸಾಲದು, ಆರೋಪಿಯನ್ನು ಅದಕ್ಕೆ ಜೋಡಿಸಬೇಕು. 1872ರ ಸಾಕ್ಷ್ಯ ಕಾಯ್ದೆಯ 133ನೇ ಕಲಮು, ಪುಷ್ಟಿಯಿಲ್ಲದ ಮಾತಿನ ಮೇಲೆ ಶಿಕ್ಷೆಯಾದರೂ ಅದಷ್ಟರಿಂದಲೇ ಕಾನೂನುಬಾಹಿರವಲ್ಲ ಎನ್ನುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 138ನೇ ಕಲಮಿನಲ್ಲಿ 'ಪುಷ್ಟಿ ದೊರೆತ' ಸಾಕ್ಷ್ಯ ಎಂದೇ ಇದೆ. ಕ್ಷಮೆ ಪಡೆದವನು ಸುಳ್ಳು ಹೇಳಿದರೆ ಅಥವಾ ನಿಜ ಮುಚ್ಚಿಟ್ಟರೆ ಮೂಲ ಅಪರಾಧಕ್ಕೇ ವಿಚಾರಣೆ ಎದುರಿಸಬೇಕಾದೀತು.

ಹಗೆಯಿದ್ದವನು ನಿಜ ಹೇಳಬಹುದು. ಹಂಗಿಲ್ಲದವನು ತಪ್ಪಾಗಿ ಕಂಡಿರಬಹುದು. ಸಾಕ್ಷಿಯ ಉದ್ದೇಶ ತಿಳಿದರೆ, ಅವನ ಮಾತನ್ನು ಎಷ್ಟು ಸೋಸಬೇಕು ಎಂಬುದು ಗೊತ್ತಾಗುತ್ತದೆ, ಅಷ್ಟೇ. ಇನ್ನು ಮುಂದೆ ಚಹಾದಂಗಡಿಯಲ್ಲಿ ಮಾತು ಬಂದಾಗ ಇನ್ನೊಂದು ಪ್ರಶ್ನೆ ಕೇಳಿ: ಈ ಸಾಕ್ಷಿಯ ಮಾತನ್ನು ಪಕ್ಕಕ್ಕಿಟ್ಟರೆ, ಆರೋಪಿಯತ್ತ ಬೆರಳು ತೋರಿಸುವ ಬೇರೇನು ಉಳಿಯುತ್ತದೆ? ಏನೂ ಉಳಿಯದಿದ್ದರೆ, ಇನ್ನೊಬ್ಬರ ಮಗನನ್ನು ಕೊಲೆಗಾರನೆಂದು ಕರೆಯುವ ಹಕ್ಕು ನಮಗಿಲ್ಲ.