ರಬ್ಬರ್ ಹಾಳೆ ಸಮದಪ್ಪವಾಗಿ ಬರಲು
(ರಬ್ಬರ್ ಬೆಳೆಗಾರರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ದಕ್ಷಿಣ ಕನ್ನಡ, ಕೊಡಗುಗಳ ಸಣ್ಣ ತೋಟಗಳಲ್ಲಿ ರಬ್ಬರ್ ಹಾಲನ್ನು ಹಾಳೆ ಮಾಡಿ ಮಾರುವವರು ಅನೇಕರಿದ್ದಾರೆ. ಹಾಳೆ ಒಂದೆಡೆ ದಪ್ಪ, ಇನ್ನೊಂದೆಡೆ ತೆಳುವಾದರೆ ದಪ್ಪ ಭಾಗದಲ್ಲಿ ನೀರು ಉಳಿಯುತ್ತದೆ. ಹೊಗೆಮನೆಯಿಂದ ತೆಗೆದಾಗ ಅಲ್ಲಿ ಬಿಳಿ ಮಚ್ಚೆ ಕಾಣುತ್ತದೆ. ಕಟ್ಟಿಟ್ಟರೆ ಬೂಷ್ಟು ಹಿಡಿಯುತ್ತದೆ. ಆ ಒಂದು ಮಚ್ಚೆಗಾಗಿ ಇಡೀ ಹಾಳೆ ಕೆಳದರ್ಜೆಗೆ ಇಳಿಯುತ್ತದೆ.

ಇದಕ್ಕೆ ರೋಲರನ್ನು ದೂರುವುದು ವಾಡಿಕೆ. ಆದರೆ ಹಲವು ಸಲ ತಪ್ಪು ರೋಲರಿಗೆ ಹೋಗುವ ಮೊದಲೇ ಆಗಿರುತ್ತದೆ.

ಹಾಲಿನಲ್ಲಿ ಒಣ ರಬ್ಬರಿನ ಅಂಶ ಶೇಕಡ 12.5 ಇರುವಂತೆ ನೀರು ಬೆರೆಸಬೇಕು. ಅಂಥ 4 ಲೀಟರ್ ಹಾಲಿನಿಂದ ಅರ್ಧ ಕಿಲೋ ತೂಕದ ಹಾಳೆ ಬರುತ್ತದೆ. ಶೇಕಡ 35 ಅಂಶವಿರುವ 1 ಲೀಟರ್ ಹಾಲಿಗೆ 1.8 ಲೀಟರ್ ನೀರು ಸರಿ. ಮಳೆಗಾಲದಲ್ಲಿ ಅಂಶ ಶೇಕಡ 30ಕ್ಕೆ ಇಳಿದಾಗಲೂ ಅಷ್ಟೇ ನೀರು ಹಾಕಿದರೆ ಹಾಳೆಯ ತೂಕ ಸುಮಾರು 70 ಗ್ರಾಂ ಕಡಮೆಯಾಗುತ್ತದೆ. ಆದುದರಿಂದ ಅಂದಾಜು ಬಿಟ್ಟು ಮೆಟ್ರೋಲ್ಯಾಕಿನಿಂದ ಅಳೆಯಿರಿ.

ಹಾಲು ಹೊಯ್ಯುವ ಡಿಶ್ ಮಟ್ಟವಾಗಿರಲಿ. ಮೊದಲು ಸ್ವಲ್ಪ ನೀರು ಹೊಯ್ದು ನೋಡಿದರೆ ಓರೆ ತಿಳಿಯುತ್ತದೆ. ಫಾರ್ಮಿಕ್ ಆಮ್ಲವನ್ನು ನೀರಿನಲ್ಲಿ ತೆಳುಮಾಡಿ, ಪ್ರತಿ ಡಿಶ್‌ಗೂ ಒಂದೇ ಅಳತೆಯಲ್ಲಿ ಹಾಕಿ, ಚೆನ್ನಾಗಿ ಕಲಸಿ ನೊರೆ ತೆಗೆಯಿರಿ. ಆಮ್ಲ ಹೆಚ್ಚಾದರೆ ಹೆಪ್ಪು ಗಡುಸಾಗಿ ರೋಲರಿನಲ್ಲಿ ಸರಿಯಾಗಿ ತೆಳುವಾಗುವುದಿಲ್ಲ.

ಇಷ್ಟಾದರೂ ದೋಷ ಉಳಿದರೆ ರೋಲರನ್ನು ನೋಡಿ. ಪ್ರತಿ ಹಾಳೆಯಲ್ಲೂ ಒಂದೇ ಅಂಚು ದಪ್ಪವಾದರೆ ಎರಡು ಕಡೆಯ ತಿರುಪುಗಳು ಸಮನಾಗಿಲ್ಲ. ನಡುಭಾಗವೇ ದಪ್ಪವಾದರೆ ರೋಲರಿನ ನಡು ಸವೆದಿರಬಹುದು. ದಪ್ಪವು ಸಮ ಅಂತರದಲ್ಲಿ ಮರುಕಳಿಸಿದರೆ ರೋಲರ್ ಸೊಟ್ಟಗಾಗಿರಬಹುದು ಅಥವಾ ಬೇರಿಂಗ್ ಸಡಿಲವಾಗಿರಬಹುದು. ಟೈರು ಕಾರ್ಖಾನೆಗಳ ದೊಡ್ಡ ಕ್ಯಾಲೆಂಡರ್ ಯಂತ್ರಗಳಲ್ಲೂ ಒತ್ತಡಕ್ಕೆ ರೋಲರ್ ಬಾಗಿ ನಡು ದಪ್ಪವಾಗುವುದುಂಟು.

ಹೆಪ್ಪನ್ನು ಒಂದೇ ಸಲಕ್ಕೆ ಹಿಂಡದೆ, ಸಂದು ಕಿರಿದು ಮಾಡುತ್ತ ನಯರೋಲರಿನಲ್ಲಿ ಹಲವು ಸಲ ಹಾಯಿಸಿ, ಕೊನೆಗೆ ಗೀರುರೋಲರಿಗೆ ಕೊಡಿ. ಹಾಳೆ ಸುಮಾರು 3 ಮಿಲಿಮೀಟರ್ ದಪ್ಪವಿದ್ದರೆ ಸಾಕು.

ನಾಳೆ ಬೆಳಿಗ್ಗೆ ನಿಮ್ಮ ಐದು ಹಾಳೆಗಳನ್ನು ಬೆಳಕಿಗೆ ಹಿಡಿದು ನೋಡಿ. ದೋಷ ಎಲ್ಲಿದೆಯೆಂದು ಹಾಳೆಯೇ ಹೇಳುತ್ತದೆ. ರೋಲರ್ ರಿಪೇರಿಗೆ ಹಣ ಹಾಕುವ ಮೊದಲು ಅಳತೆಯನ್ನು ಸರಿಪಡಿಸಿರಿ.