ಬಾಯಿ ಪ್ರಸಾದದ ಬಾಗಿಲು

(ಹಾಲ್ಕುರಿಕೆಯಲ್ಲಿ ನಡೆದ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಸರ್ಕಾರಿ ಎಂಜಿನಿಯರ್ ಒಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

 

ನನಗೆ ಕೊಟ್ಟಿರುವ ವಿಷಯ ಬಾಯಿಯ ಆರೋಗ್ಯ. ಶಿವಾನುಭವ ಗೋಷ್ಠಿಯಲ್ಲಿ ಹಲ್ಲು, ವಸಡಿನ ಮಾತು ಏಕೆ ಎಂದು ಕೆಲವರಿಗೆ ಅನ್ನಿಸಬಹುದು. ನಾನು ವೈದ್ಯನಲ್ಲ. ಸರ್ಕಾರಿ ಸೇವೆಯಲ್ಲಿ ಕೆರೆ ಏರಿ, ಕೊಳವೆಬಾವಿ, ನೀರಿನ ಪೈಪು ನೋಡಿಕೊಂಡು ಬಂದವನು. ಆದರೂ ಈ ವಿಷಯಕ್ಕೂ ನಮ್ಮ ಧರ್ಮಕ್ಕೂ, ನನ್ನ ಕೆಲಸಕ್ಕೂ ಹತ್ತಿರದ ಸಂಬಂಧ ಇದೆ ಎಂದು ಒಪ್ಪಿಕೊಂಡು ಬಂದೆ.

ಶರಣರು ದೇಹವನ್ನು ತುಚ್ಛವಾಗಿ ಕಾಣಲಿಲ್ಲ. ಷಟ್‌ಸ್ಥಲದ ವಿವರಣೆಯಲ್ಲಿ ಒಂದೊಂದು ಇಂದ್ರಿಯಕ್ಕೂ ಒಂದೊಂದು ಲಿಂಗವನ್ನು ಹೇಳಿದರು. ಮೂಗಿಗೆ ಆಚಾರಲಿಂಗ, ನಾಲಿಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ. ನಾಲಿಗೆಯಲ್ಲಿ ಗುರುಲಿಂಗವಿದ್ದು ಅಲ್ಲಿ ರುಚಿಯೇ ಪ್ರಸಾದವಾಗುತ್ತದೆ ಎಂಬುದು ನಮ್ಮ ಹಿರಿಯರ ತಿಳಿವಳಿಕೆ. ಪೂಜೆಯ ಜಾಗವನ್ನು ದಿನಕ್ಕೆರಡು ಸಲ ಗುಡಿಸಿ ಒರೆಸುವ ನಾವು, ಪ್ರಸಾದ ಒಳಗೆ ಹೋಗುವ ಬಾಗಿಲನ್ನು ಹೇಗೆ ಇಟ್ಟುಕೊಂಡಿದ್ದೇವೆ? ಇವತ್ತಿನ ಪ್ರಶ್ನೆ ಅಷ್ಟೇ.

ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹಲ್ಲಿನ ವಿಷಯದಲ್ಲಿ ನೋವು ಎಂಬುದು ತೀರಾ ಕೊನೆಗೆ ಬರುವ ಸೂಚನೆ. ನಾವೆಲ್ಲ ಅದನ್ನೇ ಮೊದಲ ಸೂಚನೆ ಎಂದುಕೊಂಡಿದ್ದೇವೆ. ಎಲ್ಲ ತೊಂದರೆಯೂ ಅಲ್ಲಿಂದಲೇ ಶುರು.

ಕೆರೆ ಏರಿಯ ಉದಾಹರಣೆ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ಏರಿಯ ಹಿಂಬದಿಯಲ್ಲಿ ಒಂದು ಕಡೆ ಮಣ್ಣು ಒದ್ದೆಯಾಗಿ ಕಂಡಾಗ ನೋಡಿದರೆ ನಾಲ್ಕು ಆಳಿನ ಕೆಲಸ. ಬಿಟ್ಟರೆ ಒಳಗೊಳಗೇ ಮಣ್ಣು ಕೊಚ್ಚಿ ದಾರಿಯಾಗುತ್ತದೆ. ಏರಿ ಒಡೆದ ದಿನ ಊರಿಗೆಲ್ಲ ಗೊತ್ತಾಗುತ್ತದೆ, ಆದರೆ ಆಗ ಮಾಡುವುದೇನೂ ಉಳಿದಿರುವುದಿಲ್ಲ. ಹಲ್ಲೂ ಹಾಗೆಯೇ. ಹಲ್ಲಿನ ಮೇಲಿನ ಬಿಳಿ ಪದರ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದದ್ದು. ಅದರಲ್ಲಿ ನರ ಇಲ್ಲ, ಆದ್ದರಿಂದ ಅದು ಕರಗುವಾಗ ನೋಯುವುದಿಲ್ಲ. ಎರಡನೆಯ ಪದರಕ್ಕೆ ಬಂದಾಗ ತಣ್ಣೀರು, ಸಿಹಿ ತಾಗಿದರೆ ಜುಮ್ಮೆನ್ನುತ್ತದೆ. ಒಳಗಿನ ನರ ಮುಟ್ಟಿದಾಗಲೇ ರಾತ್ರಿಯೆಲ್ಲ ನಿದ್ದೆ ಕೆಡಿಸುವ ನೋವು. ಮೊದಲ ಹಂತದಲ್ಲಿ ಹೋದರೆ ಸಿಮೆಂಟ್ ತುಂಬಿ ಅರ್ಧ ಗಂಟೆಯಲ್ಲಿ ಕಳಿಸುತ್ತಾರೆ. ಕೊನೆಯ ಹಂತದಲ್ಲಿ ಹೋದರೆ ರೂಟ್ ಕೆನಾಲ್, ಮೇಲೊಂದು ಕ್ಯಾಪು, ಇಲ್ಲವೇ ಹಲ್ಲು ಕೀಳಿಸುವುದು.

ಹಲ್ಲು ಕರಗುವುದು ಹೇಗೆ? ಬಾಯಲ್ಲಿರುವ ಸೂಕ್ಷ್ಮ ಜೀವಿಗಳು ಸಿಹಿಯನ್ನು, ಹಿಟ್ಟಿನ ಪದಾರ್ಥವನ್ನು ಹುಳಿಯಾಗಿ ಮಾಡುತ್ತವೆ. ಆ ಹುಳಿ ಹಲ್ಲಿನ ಸುಣ್ಣದ ಅಂಶವನ್ನು ಎಳೆದುಕೊಳ್ಳುತ್ತದೆ. ಜೊಲ್ಲು ಅದನ್ನು ತೊಳೆದು ಸರಿಪಡಿಸುತ್ತದೆ, ಆದರೆ ಅದಕ್ಕೆ ಅರ್ಧ ಗಂಟೆಗೂ ಮೇಲೆ ಬೇಕು. ಹಬ್ಬದ ದಿನ ಊಟದ ಜೊತೆ ಎರಡು ಹೋಳಿಗೆ ತಿಂದವನಿಗಿಂತ, ದಿನಕ್ಕೆ ಎಂಟು ಸಲ ಸಕ್ಕರೆ ಟೀ, ಬಿಸ್ಕತ್ತು, ಚಾಕೊಲೇಟು ಎಂದು ಬಾಯಾಡಿಸುವವನ ಹಲ್ಲು ಬೇಗ ಹಾಳಾಗುವುದು ಇದಕ್ಕೇ. ನಿದ್ದೆಯಲ್ಲಿ ಜೊಲ್ಲು ಕಡಿಮೆ. ಹಾಗಾಗಿ ರಾತ್ರಿ ಊಟದ ಮೇಲೆ ಹಲ್ಲುಜ್ಜುವುದು ಬೆಳಗಿನದಕ್ಕಿಂತ ಮುಖ್ಯ. ಎರಡು ಹೊತ್ತು ಲಿಂಗಪೂಜೆ ಮಾಡುವ ಮನೆಯಲ್ಲೂ ಹಲ್ಲುಜ್ಜುವುದು ಒಂದೇ ಹೊತ್ತು!

ಈಗ ದೇಹದ ಉಳಿದ ಭಾಗದ ಮಾತು. ಉಜ್ಜುವಾಗ ವಸಡಿನಿಂದ ರಕ್ತ ಬಂದರೆ ಹಲವರು ಆ ಜಾಗ ಮುಟ್ಟುವುದನ್ನೇ ಬಿಡುತ್ತಾರೆ. ಅದು ವಸಡಿನ ಉರಿಯೂತ. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಬೇಗ ಹೆಚ್ಚುತ್ತದೆ. ಹೆಚ್ಚಿದ ಉರಿಯೂತ ಸಕ್ಕರೆ ಹತೋಟಿಗೆ ಬರದಂತೆ ಮಾಡುತ್ತದೆ. ಎರಡೂ ಒಂದನ್ನೊಂದು ಬೆಳೆಸುತ್ತವೆ. ವಸಡಿನ ರೋಗಕ್ಕೂ ಹೃದಯದ ಕಾಯಿಲೆಗೂ ನಂಟು ಕಂಡುಬಂದಿದೆ. ಹೃದಯದ ಕವಾಟದ ತೊಂದರೆ ಇರುವವರಿಗಂತೂ ಬಾಯಿಯ ಸೋಂಕು ರಕ್ತದ ಮೂಲಕ ಕವಾಟಕ್ಕೇ ಹತ್ತಬಹುದು. ಅಂಥವರು ಹಲ್ಲು ಕೀಳಿಸುವ ಮೊದಲು ವೈದ್ಯರಿಗೆ ತಿಳಿಸಲೇಬೇಕು. ದವಡೆ ಊದಿ, ಜ್ವರ ಬಂದು, ನುಂಗಲು ಕಷ್ಟವಾದರೆ ಮೆಡಿಕಲ್ ಸ್ಟೋರಿನ ನೋವಿನ ಮಾತ್ರೆಯಲ್ಲಿ ದಿನ ದೂಡಬೇಡಿ. ಕೀವು ಕತ್ತಿನೊಳಕ್ಕೆ ಇಳಿದರೆ ಉಸಿರಿಗೇ ಕುತ್ತು. ಅದೇ ದಿನ ಆಸ್ಪತ್ರೆಗೆ ಹೋಗಿ.

ವಯಸ್ಸಾದವರ ಹಲ್ಲಿನ ಬಗ್ಗೆ ನಮ್ಮ ಕಡೆ ಒಂದು ಸಮಾಧಾನ ಇದೆ: "ಮುದ್ದೆ ನುಂಗೋದಕ್ಕೆ ಹಲ್ಲೇಕೆ?" ನಿಜ, ಮುದ್ದೆಗೆ ಹಲ್ಲು ಬೇಡ. ಆದರೆ ಮೊಳಕೆ ಕಾಳಿಗೆ, ಸೊಪ್ಪಿಗೆ, ಹಣ್ಣಿಗೆ, ಕಡಲೇಕಾಯಿಗೆ ಬೇಕು. ಹಲ್ಲು ಹೋದವರು ಒಂದೊಂದಾಗಿ ಇವನ್ನು ಬಿಟ್ಟು ಕೊನೆಗೆ ಮುದ್ದೆ-ತಿಳಿಸಾರು, ಅನ್ನ-ಮಜ್ಜಿಗೆಗೆ ನಿಲ್ಲುತ್ತಾರೆ, ಸೊರಗುತ್ತಾರೆ. ತಿಪಟೂರಿನ ಕೊಬ್ಬರಿ ದೇಶಕ್ಕೆಲ್ಲ ಹೋಗುತ್ತದೆ. ಅದನ್ನು ಬೆಳೆದ ಹಿರಿಯರಿಗೆ ಒಂದು ಚೂರು ಕೊಬ್ಬರಿ ಅಗಿಯಲು ಆಗದು ಎಂದರೆ, ಹಲ್ಲಿದ್ದಾಗ ಕಡಲೆ ಇಲ್ಲ ಎಂಬ ಗಾದೆ ನಮ್ಮ ತೋಟದಲ್ಲೇ ನಿಜವಾದಂತೆ.

ತಾಯಂದಿರು ಒಂದು ವಿಷಯ ನೆನಪಿಡಬೇಕು. ಮಗುವಿಗೆ ಆರು ವರ್ಷದ ಹೊತ್ತಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಹೊಸ ದವಡೆ ಹಲ್ಲು ಬರುತ್ತದೆ. ಇದನ್ನೂ ಹಾಲುಹಲ್ಲೆಂದು, "ಹೋದರೆ ಇನ್ನೊಂದು ಬರುತ್ತೆ" ಎಂದು ಬಿಡುವವರೇ ಹೆಚ್ಚು. ಅದು ಜೀವನಪೂರ್ತಿ ಇರಬೇಕಾದ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ.

ಇನ್ನು ನನ್ನ ಕಸುಬಿನ ವಿಷಯ, ನೀರು. ತುಮಕೂರು ಜಿಲ್ಲೆ ಫ್ಲೋರೈಡ್ ತೊಂದರೆ ಕಂಡ ಜಿಲ್ಲೆ. ಪಾವಗಡದ ಕಡೆಯ ಕಷ್ಟ ನಾಡಿಗೆಲ್ಲ ಗೊತ್ತು. ನೆಲದೊಳಗಿನ ಬಂಡೆಯಿಂದ ಫ್ಲೋರೈಡ್ ನೀರಿಗೆ ಕರಗುತ್ತದೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಇದ್ದದ್ದಾಗಿರುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅಲ್ಪ ಪ್ರಮಾಣದಲ್ಲಿ ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ಹೆಚ್ಚಾದರೆ, ಎಂಟು ವರ್ಷದೊಳಗೆ ಒಸಡಿನಡಿ ಹಲ್ಲು ರೂಪುಗೊಳ್ಳುವಾಗಲೇ ಅದನ್ನು ಕೆಡಿಸುತ್ತದೆ. ಸುಣ್ಣದಂಥ ಬಿಳಿ ಮಚ್ಚೆ, ಆಮೇಲೆ ಕಂದು ಪಟ್ಟೆ. ಬಹಳ ಹೆಚ್ಚಿನ ಪ್ರಮಾಣದ ನೀರನ್ನು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ.

ಈ ಕಲೆ ಕೊಳೆಯಲ್ಲ. ಇಟ್ಟಿಗೆ ಪುಡಿ, ಇದ್ದಿಲು, ಬೂದಿ ಹಾಕಿ ತಿಕ್ಕಿದರೆ ಕಲೆ ಹೋಗದು, ಹಲ್ಲು ಸವೆಯುತ್ತದೆ. ಬಾಯಿಗೆ ಕೈ ಅಡ್ಡ ಇಟ್ಟು ನಗುವ ಹೆಣ್ಣುಮಕ್ಕಳನ್ನು ನೋಡಿದ್ದೇವೆ. ಹೆಣ್ಣು ನೋಡಲು ಬಂದವರು ಹಲ್ಲು ನೋಡಿ ಎದ್ದು ಹೋಗುವುದೂ ಉಂಟು. ನೀರಿನ ದೋಷಕ್ಕೆ ಮಗಳನ್ನು ಹೊಣೆ ಮಾಡುವುದು ಶರಣರ ದಾರಿಯಲ್ಲ. ದಂತವೈದ್ಯರು ಆ ಕಲೆಯನ್ನು ಬಹುಮಟ್ಟಿಗೆ ಮರೆಮಾಡಬಲ್ಲರು.

ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಅದು ಇನ್ನಷ್ಟು ಗಟ್ಟಿಯಾಗುತ್ತದೆ. ಪಕ್ಕದ ತೋಟದ ನೀರು ಚೆನ್ನಾಗಿದೆ ಎಂದರೆ ನಿಮ್ಮದೂ ಚೆನ್ನಾಗಿದೆ ಎಂದಲ್ಲ. ಒಂದೊಂದು ಕೊಳವೆಬಾವಿಯದೂ ಒಂದೊಂದು ಲೆಕ್ಕ. ಪಂಚಾಯಿತಿಯವರನ್ನು ಕೇಳಿ ಪರೀಕ್ಷೆ ಮಾಡಿಸಿ. ಹೆಚ್ಚಿದ್ದರೆ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಮಕ್ಕಳಿಗೆ ಕೊಡಿ, ಅಡಿಗೆಗೂ ಅದನ್ನೇ ಬಳಸಿ. ಚೊಕ್ಕವಾಗಿ ಹಿಡಿದ ಮಳೆನೀರಿನಲ್ಲಿ ಈ ತೊಂದರೆ ಇಲ್ಲ.

ಈಗ ಹೇಳಲು ಸ್ವಲ್ಪ ಕಷ್ಟವಾದ ಮಾತು. ಇಲ್ಲಿ ಕೂತವರಲ್ಲಿ ತೆಂಗಿನ ನಡುವೆ ಅಡಿಕೆ ಇಟ್ಟವರು ಬಹಳ ಜನ. ಬೆಳೆಯನ್ನು ಬೈಯಲು ನಾನು ಬಂದಿಲ್ಲ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು, ಕಡ್ಡಿಪುಡಿ ಸೇರಿದರೆ ಅಪಾಯ ಇನ್ನೂ ಹೆಚ್ಚು. ನಮ್ಮ ರಾಜ್ಯದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಅಂಗಡಿಯಲ್ಲಿ ಪಾನ್ ಮಸಾಲ ಒಂದು ಚೀಟಿ, ಹೊಗೆಸೊಪ್ಪು ಇನ್ನೊಂದು ಚೀಟಿ ಆಯಿತು. ಹುಡುಗರು ಅಂಗೈಯಲ್ಲಿ ಬೆರೆಸಿಕೊಳ್ಳುತ್ತಾರೆ.

ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಒಳಪದರ ನಾರು ಕಟ್ಟಿ ಬಿಗಿಯುತ್ತದೆ. ಖಾರ ತಿಂದರೆ ಉರಿ, ಆಮೇಲೆ ಬಾಯಿ ತೆರೆಯಲು ಕಷ್ಟ. ಇದರಲ್ಲಿ ಕೆಲವರಿಗೆ ಮುಂದೆ ಕ್ಯಾನ್ಸರ್ ಆಗುತ್ತದೆ. ಮನೆಗೆ ಹೋಗಿ ಕನ್ನಡಿ ಮುಂದೆ ನಿಂತು ನೋಡಿ: ನಿಮ್ಮವೇ ಮೂರು ಬೆರಳು ಒಂದರ ಮೇಲೊಂದು ಬಾಯೊಳಗೆ ಹೋಗಬೇಕು. ಹೋಗದಿದ್ದರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಉಜ್ಜಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ನೋವಿಲ್ಲ ಎಂದು ಸುಮ್ಮನಿರಬೇಡಿ. ಶುರುವಿನ ಬಾಯಿ ಕ್ಯಾನ್ಸರ್‌ಗೂ ನೋವಿರುವುದಿಲ್ಲ. ಬೇಗ ಹೋದವರು ಬದುಕುತ್ತಾರೆ.

ವೀಳ್ಯ ನಮ್ಮಲ್ಲಿ ಮರ್ಯಾದೆಯ ಗುರುತು, ಅದನ್ನು ಬಿಡಿ ಎನ್ನುವುದಿಲ್ಲ. ಕೊಡುವುದು ಬೇರೆ, ಅಗಿಯುವುದು ಬೇರೆ. ಮಠದ ದಾಸೋಹದಲ್ಲಿ, ಮದುವೆಯಲ್ಲಿ ಊಟದ ಮೇಲೆ ತಟ್ಟೆಯಲ್ಲಿ ಅಡಿಕೆ ಹೋಳು ಇಡುವ ಬದಲು ಒಂದು ಬಾಳೆಹಣ್ಣು, ಒಂದು ಚೂರು ಕೊಬ್ಬರಿ ಇಡೋಣ. ತೆಂಗಿನ ಸೀಮೆಯ ಮರ್ಯಾದೆಗೆ ಅದು ಕಡಿಮೆಯಲ್ಲ. ಮಠದ ಆವರಣದಲ್ಲಿ ಹೊಗೆಸೊಪ್ಪು, ಪಾನ್ ಮಸಾಲ ಬೇಡ ಎಂದು ಪೂಜ್ಯರು ಒಂದು ಮಾತು ಹೇಳಿದರೆ, ಸರ್ಕಾರದ ಹತ್ತು ಫಲಕಕ್ಕಿಂತ ಅದಕ್ಕೆ ತೂಕ ಹೆಚ್ಚು.

ಮೂಢನಂಬಿಕೆಯನ್ನು ಪ್ರಶ್ನಿಸುವುದು ಶರಣರು ಕೊಟ್ಟ ಆಸ್ತಿ. ಮಗುವಿಗೆ ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎನ್ನುತ್ತಾರೆ. ಹಲ್ಲು ಯಾವ ಕ್ರಮದಲ್ಲಿ ಬಂದರೂ ಮಾವನ ಜಾತಕಕ್ಕೆ ಏನೂ ಆಗದು. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎನ್ನುತ್ತಾರೆ. ಹಲ್ಲಿನ ನರ ಬೇರೆ, ನೋಟದ ನರ ಬೇರೆ. ಗುಳ್ಳದ ಬೀಜದ ಹೊಗೆ ಹಿಡಿದು ಹಲ್ಲಿನ ಹುಳ ಬೀಳಿಸುವವರಿದ್ದಾರೆ. ಬೀಳುವುದು ಬೆಂದ ಬೀಜದೊಳಗಿನ ಮೊಳಕೆ. ಹುಳುಕು ಹಲ್ಲಿನಲ್ಲಿ ಹುಳವೇ ಇಲ್ಲ. ಕ್ಲೀನ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬುದೂ ಅಷ್ಟೇ. ಆಗಲೇ ಸಡಿಲವಾದ ಹಲ್ಲನ್ನು ಕಟ್ಟಿಕೊಂಡ ಕಿಟ್ಟ ಹಿಡಿದಿಟ್ಟಿರುತ್ತದೆ. ತೆಗೆದಾಗ ನಿಜಸ್ಥಿತಿ ಕಾಣುತ್ತದೆ.

ಮಾಡಬೇಕಾದದ್ದು ಇಷ್ಟು. ಬೆಳಿಗ್ಗೆ ಮತ್ತು ಮಲಗುವ ಮುಂಚೆ, ಮೃದುವಾದ ಬ್ರಷ್ಷಿನಲ್ಲಿ ಎರಡು ನಿಮಿಷ ಉಜ್ಜಿ. ಬೇವಿನ ಕಡ್ಡಿ, ಹೊಂಗೆ ಕಡ್ಡಿ ರೂಢಿ ಇದ್ದವರು ಹಲ್ಲಿನ ಒಳಬದಿಗೂ ಅದು ಮುಟ್ಟುವುದೇ ನೋಡಿಕೊಳ್ಳಿ. ಚಿಕ್ಕ ಮಕ್ಕಳಿಗೆ ಬಟಾಣಿ ಕಾಳಿನಷ್ಟು ಪೇಸ್ಟ್ ಸಾಕು, ನುಂಗದೆ ಉಗುಳಲು ಕಲಿಸಿ. ನೋವಿರಲಿ ಬಿಡಲಿ, ವರ್ಷಕ್ಕೊಮ್ಮೆಯಾದರೂ ಬಾಯಿ ತೋರಿಸಿ. ತಿಪಟೂರಿನ ಸರ್ಕಾರಿ ಆಸ್ಪತ್ರೆ ಹತ್ತಿರದಲ್ಲಿದೆ, ತುಮಕೂರಿನಲ್ಲಿ ದಂತ ವೈದ್ಯಕೀಯ ಕಾಲೇಜಿದೆ. ಬಡ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಲು ಸರ್ಕಾರ ದಂತ ಭಾಗ್ಯ ಯೋಜನೆ ತಂದಿದೆ. ಆಸ್ಪತ್ರೆಯಲ್ಲಿ ಕೇಳಿ ವಿಚಾರಿಸಿ.

ಕೊನೆಗೆ ಒಂದು ಬಿನ್ನಹ. ಅನ್ನ, ಅಕ್ಷರ, ಆಶ್ರಯದ ದಾಸೋಹಕ್ಕೆ ನಮ್ಮ ಜಿಲ್ಲೆಯ ಸಿದ್ಧಗಂಗೆ ನಾಡಿಗೇ ಮಾದರಿ. ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ ಮೈಸೂರಿನಲ್ಲಿ ದಂತ ವೈದ್ಯಕೀಯ ಕಾಲೇಜನ್ನೇ ನಡೆಸುತ್ತಿದೆ. ಅಷ್ಟು ದೊಡ್ಡದು ನಮ್ಮ ಹಳ್ಳಿಗೆ ಬೇಕಿಲ್ಲ. ಬಸವ ಜಯಂತಿಯ ದಿನ ಮೆರವಣಿಗೆ, ಪಾನಕದ ಜೊತೆಗೆ ಒಬ್ಬ ದಂತವೈದ್ಯರನ್ನು ಕರೆಸಿ, ಶಾಲೆಯ ಮಕ್ಕಳ, ಹಿರಿಯರ, ಅಡಿಕೆ-ಹೊಗೆಸೊಪ್ಪು ಅಗಿಯುವವರ ಬಾಯಿ ನೋಡಿಸೋಣ. ಒಬ್ಬರ ಹುಣ್ಣು ಸಕಾಲಕ್ಕೆ ಸಿಕ್ಕರೂ ಒಂದು ಮನೆ ಉಳಿಯಿತು. ಅದೂ ದಾಸೋಹವೇ.