ಮೊದಲು ಉಳಿಯಲಿ

(ಬ್ರೂಸ್‌ಪೇಟೆಯಲ್ಲಿ ಸೇರಿದ್ದ ರೈತರ ಸಭೆಯಲ್ಲಿ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಸಿರುಗುಪ್ಪ, ಕುರುಗೋಡು ಕಡೆಯಿಂದ ನೀವೆಲ್ಲ ಬಳ್ಳಾರಿಯ ಬ್ರೂಸ್‌ಪೇಟೆಗೆ ಬಂದಿದ್ದೀರಿ. ಪೇಟೆಗೆ ಬಂದವರು ಬೀಜ, ಗೊಬ್ಬರ, ಔಷಧಿಯ ಮಾತಾಡುವುದು ವಾಡಿಕೆ. ನಾನು ಇಂದು ಅವನ್ನು ಕೊಳ್ಳುವ ಹಣದ ಬಗ್ಗೆ, ಆ ಹಣಕ್ಕೆ ನಮ್ಮ ಹಿಂದಿನವರು ಇಟ್ಟಿದ್ದ ಒಂದು ಹಳೆಯ ಹೆಸರಿನ ಬಗ್ಗೆ ಎರಡು ಮಾತು ಹೇಳುತ್ತೇನೆ. ಆ ಹೆಸರು ‘ಮೊದಲು’.

ಈಗ ‘ಮೊದಲು’ ಎಂದರೆ ಆರಂಭ ಎಂದಷ್ಟೇ ತಿಳಿಯುತ್ತೇವೆ. ಹಳಗನ್ನಡದಲ್ಲಿ ಈ ಮಾತಿಗೆ ಬುಡ, ಬೇರು ಎಂಬ ಅರ್ಥವೂ ಇತ್ತು. ಕಸುಬಿಗೆ ಹೂಡುವ ಗಂಟು ಎಂಬ ಅರ್ಥವೂ ಇತ್ತು. ‘ಮೊದಲಿಗೇ ಮೋಸವಾಯಿತು’ ಎಂದು ಇಂದಿಗೂ ಅನ್ನುತ್ತೇವೆ. ಲಾಭ ಹೋದರೆ ಹೋಗಲಿ, ಹಾಕಿದ ಗಂಟೇ ಹೋಯಿತಲ್ಲ ಎಂಬ ಸಂಕಟ ಆ ಮಾತಿನಲ್ಲಿದೆ. ಸಾಲದ ಪತ್ರದಲ್ಲಿ ಬರೆಯುವ ‘ಅಸಲು’ ಅರಬ್ಬಿಯಿಂದ ಬಂದದ್ದು; ಅದಕ್ಕೂ ಬೇರು ಎಂದೇ ಅರ್ಥ. ‘ಮೂಲಧನ’ ಸಂಸ್ಕೃತದ್ದು, ‘ಮೂಲ’ ಎಂದರೂ ಬೇರೇ. ‘ಬಡ್ಡಿ’ ಎಂಬುದು ‘ವೃದ್ಧಿ’ಯಿಂದ ಬಂದದ್ದು, ಅಂದರೆ ಬೆಳೆದದ್ದು. ಮೂರೂ ಭಾಷೆಯವರು ಒಂದೇ ಬುದ್ಧಿ ಹೇಳಿದ್ದಾರೆ. ಫಲವನ್ನು ತಿನ್ನಬಹುದು, ಬೇರನ್ನು ತಿನ್ನಬಾರದು.

ಇದು ನಮಗೆ ಹೊಸದಲ್ಲ. ಹಗೇವಿನ ಜೋಳ ಮುಗಿಯುತ್ತ ಬಂದರೂ ನಮ್ಮ ಅಜ್ಜಿಯರು ಬೂದಿ ಬೆರೆಸಿ ಗಡಿಗೆಯಲ್ಲಿಟ್ಟ ಬೀಜದ ಜೋಳಕ್ಕೆ ಕೈ ಹಾಕುತ್ತಿರಲಿಲ್ಲ. ಆದರೆ ಬೀಜ ಬೇರೆ ಗಡಿಗೆಯಲ್ಲಿತ್ತು. ಹಣ ಒಂದೇ ಜೇಬಿನಲ್ಲಿರುತ್ತದೆ. ತೊಡಕು ಅಲ್ಲಿದೆ.

ನಮ್ಮ ಮನೆಯ ಸಂಗತಿಯನ್ನೇ ಹೇಳುತ್ತೇನೆ. ನಾನು ಹೈಸ್ಕೂಲಿನಲ್ಲಿದ್ದಾಗ ತಂದೆಯವರು ಮೆಣಸಿನಕಾಯಿ ಬೆಳೆಗೆಂದು ದಲಾಲರೊಬ್ಬರಲ್ಲಿ ಮುಂಗಡ ತಂದರು. ಅದೇ ಹೊತ್ತಿಗೆ ಅಕ್ಕನ ಮದುವೆ ಕೂಡಿಬಂತು. ಅರ್ಧ ಹಣ ಚಪ್ಪರಕ್ಕೆ ಹೋಯಿತು. ತಂದೆಯವರು ದುಂದುಗಾರರಲ್ಲ, ಬಂದ ಸಂಬಂಧವನ್ನು ಯಾರು ಬಿಡುತ್ತಾರೆ? ಆದರೆ ಗಿಡಕ್ಕೆ ಗೊಬ್ಬರ ಸಾಲದಾಯಿತು, ಔಷಧಿ ತಡವಾಯಿತು. ಬಂದಷ್ಟು ಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ಹಾಗಿರಲಿಲ್ಲ. ಮುಂಗಡ ಕೊಟ್ಟವರ ಅಂಗಡಿಗೇ, ಅವರು ಹೇಳಿದ ದರಕ್ಕೇ ಹಾಕಿದೆವು. ಆ ವರ್ಷ ಎತ್ತಿನ ಜೋಡಿ ಮಾರಬೇಕಾಯಿತು. ಕೊಟ್ಟಿಗೆಯಲ್ಲಿ ಗೂಟಗಳಷ್ಟೇ ಉಳಿದವು. ಮುಂದೆ ಡಿಪ್ಲೊಮಾ ಓದುವಾಗ ಗೊಬ್ಬರದ ಲೆಕ್ಕ ಕಲಿತೆ. ಮೊದಲಿನ ಲೆಕ್ಕವನ್ನು ಆ ಗೂಟಗಳನ್ನು ನೋಡಿಯೇ ಕಲಿತಿದ್ದೆ.

ಮೊದಲಿಲ್ಲದ ರೈತನ ಕಷ್ಟವನ್ನು ಹಿಂದಿನವರೂ ಕಂಡಿದ್ದರು. ವಯಸ್ಸಾದವರಿಗೆ ‘ತಕಾವಿ’ ಎಂಬ ಮಾತು ನೆನಪಿರಬಹುದು. ಬಾವಿಗೆ, ಬೀಜಕ್ಕೆ, ಎತ್ತಿಗೆ ಸರ್ಕಾರ ಕೊಡುತ್ತಿದ್ದ ಸಾಲವದು. ಬಳ್ಳಾರಿ ಮದರಾಸು ಪ್ರಾಂತದಲ್ಲಿದ್ದ ಕಾಲದಲ್ಲೇ, 1883 ಮತ್ತು 1884ರಲ್ಲಿ, ಇಂಥ ಸಾಲಗಳಿಗೆ ಕಾಯಿದೆಗಳಾದವು. ಅರಬ್ಬಿ ಮೂಲದಲ್ಲಿ ಆ ಮಾತಿಗೆ ಬಲ ಕೊಡುವುದು ಎಂದರ್ಥ. 1905ರಲ್ಲಿ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರ ಪತ್ತಿನ ಸಂಘ ಕಟ್ಟಿದರು. ಹತ್ತು ಜನರ ಸಣ್ಣ ಗಂಟು ಸೇರಿದರೆ ಒಬ್ಬನ ಬೆಳೆಗೆ ಮೊದಲಾಗುತ್ತದೆ ಎಂದು ತೋರಿಸಿದರು. ಬೆಳೆಸಾಲ ಕೊಡುವ ನಿಮ್ಮೂರ ಸಹಕಾರ ಸಂಘವೂ ಅದೇ ದಾರಿಯದು. ಬಡ್ಡಿಯಿಲ್ಲದ ಅಲ್ಪಾವಧಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸುವುದಾಗಿ ರಾಜ್ಯ ಸರ್ಕಾರ 2023ರ ಮುಂಗಡಪತ್ರದಲ್ಲಿ ಸಾರಿತು. ವಾಯಿದೆಯೊಳಗೆ ತೀರಿಸಿದವರಿಗೇ ಈ ಅನುಕೂಲ ಎಂಬುದನ್ನು ಮರೆಯಬೇಡಿ.

ಒಂದು ಲೆಕ್ಕ ಮಾಡೋಣ. ಬೆಳೆಗೆ 40,000 ರೂಪಾಯಿ ಹಾಕಿದಿರಿ, 55,000 ಬಂತು ಎನ್ನಿ. 15,000 ಲಾಭವೆಂದು ಹಿಗ್ಗುತ್ತೇವೆ. ಆ ಹಣ ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯದಾದರೆ, 8 ತಿಂಗಳಿಗೆ 6,400 ಬಡ್ಡಿಗೇ ಹೋಯಿತು. ಉಳಿದದ್ದು 8,600. ಮನೆಯವರೆಲ್ಲ ದುಡಿದ ಕೂಲಿಯೂ ಅದರಲ್ಲೇ. ಸಂಘದ ಬಡ್ಡಿಯಿಲ್ಲದ ಸಾಲವಾಗಿದ್ದರೆ ಆ 6,400 ಮನೆಯಲ್ಲೇ ಉಳಿಯುತ್ತಿತ್ತು. ಕೈಗೆ ಬಂದ 55,000ವನ್ನೂ ನಮ್ಮದೆಂದು ಖರ್ಚು ಮಾಡಿದರಂತೂ ಮುಂದಿನ ಬಿತ್ತನೆಗೆ ಮತ್ತೆ ಸಾಲದ ಬಾಗಿಲೇ ಗತಿ.

“ಮಳೆ ಕೈಕೊಟ್ಟರೆ, ಕಾಲುವೆಯ ಕೊನೆಗೆ ನೀರು ಬಾರದಿದ್ದರೆ ಯಾವ ಲೆಕ್ಕ ಕಾಯುತ್ತದಪ್ಪಾ?” ಎಂದು ಹಿರಿಯರು ಕೇಳಬಹುದು. ನಿಜ, ಪುಸ್ತಕ ಮಳೆ ತರುವುದಿಲ್ಲ. ಅದಕ್ಕೇ ಕಡೆಯ ದಿನ ಮೀರುವ ಮುಂಚೆ ಬೆಳೆ ವಿಮೆ ಕಟ್ಟಿರಿ. ಇದ್ದ ಗಂಟನ್ನೆಲ್ಲ ಒಂದೇ ಬೆಳೆಗೆ ಸುರಿಯಬೇಡಿ.

ನನ್ನ ಬಿನ್ನಹ ಮೂರೇ. ಬೆಳೆಗೆ ತಂದ ಹಣವನ್ನು ಬೆಳೆಗೇ ಹಾಕಿ. ಮದುವೆ, ಜಾತ್ರೆಯ ಹಣವನ್ನು ಬೇರೆಯಾಗಿ ಕೂಡಿಡಿ. ಹಾಕಿದ್ದು, ಬಂದದ್ದು ಎರಡನ್ನೂ ಒಂದು ನೋಟುಪುಸ್ತಕದಲ್ಲಿ ಬರೆಯಿರಿ. ಬರೆಯಲು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿರಿ. ಬೆಳೆ ಮಾರಿದ ದಿನ ಸಾಲದ ಕಂತನ್ನೂ ಮುಂದಿನ ಬಿತ್ತನೆಯ ಮೊದಲನ್ನೂ ತೆಗೆದಿಟ್ಟು, ಉಳಿದದ್ದನ್ನು ಮನೆಗೆ ತನ್ನಿ. ಆ ಗಂಟನ್ನು ಮನೆಯ ತಾಯಂದಿರ ಕೈಯಲ್ಲಿಡಿ. ಬೀಜದ ಗಡಿಗೆಯನ್ನು ಕಾದವರು ಅವರೇ ತಾನೇ?

ಲಾಭ ಒಂದು ವರ್ಷ ಬರುತ್ತದೆ, ಒಂದು ವರ್ಷ ತಪ್ಪುತ್ತದೆ. ಮೊದಲು ಉಳಿದಿದ್ದರೆ ಮರುವರ್ಷ ಕೂರಿಗೆ ಹೂಡಬಹುದು.